ಮಂಗಳ ದೂರ, ಶಿರಗುಪ್ಪಿ ದೂರ

ಮುಂಬೈ
೧೭ ಜುಲೈ ೧೯೮೮

ಚಿರಂಜೀವಿ ಮುರಗೆಪ್ಪನಿಗೆ ಅಣ್ಣ ಧರೆಪ್ಪನ ಆಶೀರ್ವಾದ.

ನಿನ್ನ ಕಾರ್ಡು ಬಂತು. ಬಾಪುಸಾಹೇಬ ನಮ್ಮ ನೀರಿನ ಪೈಪನ್ನು ಕೊಡಲಿಯಿಂದ ಕಡಿದು ಹಾಕಿದ್ದನ್ನು ಓದಿ ಸಿಟ್ಟು ಬಂತು, ನಗುವೂ ಬಂತು. ಆ ಪೈಪು ಹೊಳೆಯಿಂದ ಅವನ ಹೊಲ ದಾಟಿ ನಮ್ಮ ಕಬ್ಬಿಗೆ ಬರುವಂತೆ ಹೂಳಿದವರು ಅವನ ಅಪ್ಪ, ನಮ್ಮ ಅಪ್ಪ ಇಬ್ಬರೂ ಕೂಡಿ. ಅಣ್ಣತಮ್ಮಂದಿರು ಹೂಳಿದ್ದನ್ನು ಮಕ್ಕಳು ಅಗೆದು ಕಡಿಯುತ್ತಾರೆ. ದಾಯಾದಿ ಎಂದರೆ ಇದೇ ತಾನೇ.

ಈ ತಿಂಗಳು ರಷ್ಯಾದವರು ಮಂಗಳ ಗ್ರಹದ ಕಡೆಗೆ ಎರಡು ಯಂತ್ರ ಹಾರಿಸಿದ್ದಾರೆ. ನಮ್ಮ ತಾರಾಲಯದಲ್ಲಿ ಈಗ ಅದೇ ಮಾತು. ಶಾಲೆಯ ಮಕ್ಕಳನ್ನು ಕತ್ತಲೆಯ ಗುಮ್ಮಟದ ಕೆಳಗೆ ಕೂಡಿಸಿ ಮರಾಠಿಯಲ್ಲಿ ಮಂಗಳದ ಕಥೆ ಹೇಳುವುದೇ ನನ್ನ ಕೆಲಸ. ಒಂದು ಕಥೆ ನಿನಗೂ ಹೇಳುತ್ತೇನೆ, ಉಪಯೋಗಕ್ಕೆ ಬರುತ್ತದೆ. ೧೯೭೧ರಲ್ಲಿ ಅಮೆರಿಕದ್ದೊಂದು, ರಷ್ಯಾದವೆರಡು ಯಂತ್ರಗಳು ಮಂಗಳ ಮುಟ್ಟಿದಾಗ ಅಲ್ಲಿ ಧೂಳಿನ ಬಿರುಗಾಳಿ ಎದ್ದಿತ್ತು. ನಮ್ಮ ಕಡೆಯ ಸುಂಟರಗಾಳಿ ಅಲ್ಲ, ಇಡೀ ಗ್ರಹವೇ ಮುಚ್ಚಿಹೋಗಿತ್ತು. ಅಮೆರಿಕದ ಯಂತ್ರಕ್ಕೆ ಹೊಸ ಹುಕುಂ ಹೋಯಿತು: ಕಾಯಿ. ಅದು ಧೂಳು ಇಳಿಯುವವರೆಗೆ ಮೇಲೆಯೇ ಸುತ್ತುತ್ತ ಕಾಯ್ದು, ಆಮೇಲೆ ಊರಿಗೆಲ್ಲ ಫೋಟೋ ಕಳಿಸಿತು. ರಷ್ಯಾದವಕ್ಕೆ ಮೊದಲೇ ಕಟ್ಟಿಕೊಟ್ಟ ಹುಕುಂ ಬದಲಿಸುವ ದಾರಿಯೇ ಇರಲಿಲ್ಲ. ಅವು ತಮ್ಮ ಇಳಿಯುವ ಗಾಡಿಗಳನ್ನು ನೆಟ್ಟಗೆ ಧೂಳಿನೊಳಗೆ ಎಸೆದವು. ಒಂದು ಅಪ್ಪಳಿಸಿ ಚೂರಾಯಿತು. ಇನ್ನೊಂದು ನೆಲ ಮುಟ್ಟಿ, ಕೆಲವು ಸೆಕೆಂಡು ತೊದಲಿ, ಸತ್ತಿತು.

ನೀನು ಅಮೆರಿಕದ್ದಾಗು. ಕಾಯಿ.

ಅವ್ವನ ಪಾದಗಳಿಗೆ ನಮಸ್ಕಾರ.
ಧರೆಪ್ಪ

*

ಶಿರಗುಪ್ಪಿ
೮ ಆಗಸ್ಟ್ ೧೯೮೮

ತೀರ್ಥರೂಪ ಅಣ್ಣನಿಗೆ ಮುರಗೆಪ್ಪನ ನಮಸ್ಕಾರ.

ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಅವಳು, “ಮಂಗಳದಾಗಿನ ಧೂಳಿ ಆಮ್ಯಾಲ ನೋಡೂಣು. ನಮ್ಮ ಮನ್ಯಾಗಿನ ಧೂಳಿ ಝಾಡಸಾಕ ಯಾವಾಗ ಬರತಾನ ಕೇಳು ನಿಮ್ಮಣ್ಣನ್ನ,” ಎಂದಳು.

ಕಾಯುವುದು ಮೇಲೆ ಸುತ್ತುವವನಿಗೆ ಸುಲಭ, ಅಣ್ಣ. ನಾನು ನೆಲದ ಮೇಲಿದ್ದೇನೆ. ಕಬ್ಬು ಒಣಗುತ್ತಿತ್ತು. ಹೊಸ ಪೈಪಿನ ತುಂಡು ತಂದು ಜೋಡಿಸಲು ಗುಂಡಿಗೆ ಇಳಿದೆ. ಬಾಪುಸಾಹೇಬ ಇಬ್ಬರನ್ನು ಕರೆದುಕೊಂಡು ಬಂದ. ಗುಂಡಿಯಿಂದ ತಲೆ ಎತ್ತುವುದರೊಳಗೆ ಬಾಯಿಗೆ ಸಲಿಕೆಯ ಹಿಡಿ ಬಿತ್ತು. ಎರಡು ಹಲ್ಲು ಅಲ್ಲಾಡುತ್ತಿವೆ. ಆಮೇಲೆ ಕೆಸರಿನಲ್ಲಿ ನನ್ನ ಕುತ್ತಿಗೆಯ ಮೇಲೆ ಕಾಲಿಟ್ಟು ನಿಂತ. ಕಬ್ಬು ಕಡಿಯುವ ಕೊಯ್ತಾ ಅವನ ಕೈಯಲ್ಲಿತ್ತು. ಅದನ್ನು ಕಡಿಯುವವನ ಹಾಗೆ ನನ್ನ ಮಣಿಕಟ್ಟಿಗೆ ತಾಗಿಸಿ, “ಮತ್ತ ಈ ಪೈಪಿಗೆ ಕೈ ಹಚ್ಚಿದಿ ಅಂದ್ರ ಕೈ ತೋಡ್ತೀನಿ ಲೇ ಮುರಗ್ಯಾ. ಕಬ್ಬು ತೋಡಿದಂಗ,” ಎಂದ. ನಾನು ಅವನ ಮೀನಖಂಡ ಕಚ್ಚಿ ಹಿಡಿದೆ. ಅಲ್ಲಾಡುವ ಹಲ್ಲಿನಿಂದಲೇ ಕಚ್ಚಿದೆ. ರಕ್ತ ಅವನದೋ ನನ್ನದೋ ಗೊತ್ತಾಗಲಿಲ್ಲ.

ಅಲ್ಲೇ ಬಿದ್ದಿದ್ದ ಸಲಿಕೆ ನನ್ನ ಕೈಗೆ ಸಿಗುತ್ತಿತ್ತು. ಹೊಡೆಯಲಿಲ್ಲ. ನೀನು ಕಾಯಿ ಎಂದಿದ್ದೆಯಲ್ಲ, ಅದಕ್ಕೆ. ನೆನಪಿದೆಯೇ, ಚಿಕ್ಕವನಿದ್ದಾಗ ಹೊಳೆಯಲ್ಲಿ ಎಮ್ಮೆಯ ಬಾಲ ನನ್ನ ಕೈಗೆ ಕೊಟ್ಟು “ನಾ ಬರೂತನ ಬಿಡಬ್ಯಾಡ” ಎಂದು ಹೇಳಿ ನೀನು ಯಡೂರಿಗೆ ಆಟ ನೋಡಲು ಹೋಗಿದ್ದೆ. ಸಂಜೆಯವರೆಗೂ ನಾನು ಕುತ್ತಿಗೆ ನೀರಿನಲ್ಲಿ ಬಾಲ ಹಿಡಿದೇ ನಿಂತಿದ್ದೆ. ಅವ್ವ ನಿನ್ನನ್ನು ಹೊಡೆದಳು. ನಾನು ಮಾತ್ರ ಅಣ್ಣ ಹೇಳಿದ ಮೇಲೆ ಮುಗಿಯಿತು ಎನ್ನುವವನು, ಈಗಲೂ.

ಮುರಗೆಪ್ಪ

*

ಮುಂಬೈ
೨೯ ಸೆಪ್ಟೆಂಬರ್ ೧೯೮೮

ಚಿ. ಮುರಗೆಪ್ಪನಿಗೆ ಆಶೀರ್ವಾದ.

ಉತ್ತರ ತಡವಾಯಿತು. ಮಂಗಳ ಈಗ ಭೂಮಿಗೆ ತೀರ ಹತ್ತಿರ ಬಂದಿದೆ. ಸಂಜೆ ಊಟವಾದ ಮೇಲೆ ಅವ್ವನನ್ನು ಅಂಗಳಕ್ಕೆ ಕರೆದು ಪೂರ್ವಕ್ಕೆ ತೋರಿಸು, ಕೆಂಡದ ಹಾಗೆ ಕಾಣುವುದೇ ಅದು. ಇಲ್ಲಿ ನಮ್ಮ ದುರ್ಬೀನಿಗೆ ಜನ ಬೀದಿಯವರೆಗೆ ಸಾಲು ನಿಂತಿದ್ದಾರೆ. ನನಗೆ ಉಸಿರಾಡಲು ಬಿಡುವಿಲ್ಲ. ರಷ್ಯಾದ ಎರಡರಲ್ಲಿ ಒಂದು ಯಂತ್ರ ಈ ತಿಂಗಳ ಮೊದಲಿಗೇ ಮಾತು ನಿಲ್ಲಿಸಿದೆ. ಏಕೆಂದು ಇಲ್ಲಿ ನಮಗಿನ್ನೂ ತಿಳಿದಿಲ್ಲ. ಕರೆಯುತ್ತಲೇ ಇದ್ದಾರಂತೆ.

ಹಲ್ಲಿಗೆ ಲವಂಗದ ಎಣ್ಣೆ ಹಚ್ಚು. ದೀಪಾವಳಿಗೆ ಬರುತ್ತೇನೆ, ಕೂತು ಮಾತನಾಡೋಣ.

ಧರೆಪ್ಪ

*

ಶಿರಗುಪ್ಪಿ
೨೦ ನವೆಂಬರ್ ೧೯೮೮

ಅಣ್ಣನಿಗೆ ನಮಸ್ಕಾರ.

ದೀಪಾವಳಿಗೆ ನೀನು ಬರಲಿಲ್ಲ. ಬೆಂಕಿ ಬಂತು.

ನಮ್ಮ ಕಬ್ಬಿಗೆ ಇನ್ನೂ ಕಾರ್ಖಾನೆಯಿಂದ ತೋಡ ಬಂದಿರಲಿಲ್ಲ. ಕಡಿಯುವ ಗುಂಪು ಬರಲಿ ಎಂದು ದಾರಿ ನೋಡುತ್ತಿದ್ದೆವು. ಗುರುವಾರ ಮಟಮಟ ಮಧ್ಯಾಹ್ನ ನಾಲ್ಕೂ ಮೂಲೆಯಿಂದ ಹೊಗೆ ಎದ್ದಿತು. ಒಂದು ಮೂಲೆಯಿಂದ ಎದ್ದರೆ ಬೀಡಿಯ ಕಿಡಿ ಎನ್ನಬಹುದು. ನಾಲ್ಕು ಮೂಲೆಗೆ ನಾಲ್ಕು ಜನ ಬೀಡಿ ಸೇದುತ್ತ ಕೂತಿದ್ದರೇ? ಒಣ ಎಲೆಗಳ ರವದಿ ಭುಗ್ಗೆಂದು ಹತ್ತಿತು. ಕಬ್ಬಿನ ಗಣ್ಣುಗಳು ಬಂದೂಕು ಹೊಡೆದ ಹಾಗೆ ಸಿಡಿಯುತ್ತಿದ್ದವು. ಒಳಗಿನಿಂದ ನರಿ, ಹಾವು, ಮೊಲ ಎಲ್ಲ ಮೈಗೆ ಬೆಂಕಿ ಹತ್ತಿಸಿಕೊಂಡು ಹೊರಗೆ ಬಿದ್ದವು.

ಹೊಲದ ಕೊಟ್ಟಿಗೆಯಲ್ಲಿ ಎತ್ತು ಕಟ್ಟಿದ್ದೆ. ನಾನು ಆ ಕಡೆಯ ಬದುವಿನಲ್ಲಿದ್ದೆ. ಅವ್ವ ಒಳಗೆ ನುಗ್ಗಿದಳು. ಒಂದರ ಹಗ್ಗ ಬಿಚ್ಚಿದಳು, ಇನ್ನೊಂದರದು ಬಿಗಿದಿತ್ತು. ಸುಡುವ ಹಗ್ಗವನ್ನು ಬರಿಗೈಯಿಂದ ಹಿಡಿದು ಎಳೆದಳಂತೆ. ನಾನು ಅವಳನ್ನು ಎಳೆದು ಹೊರಗೆ ತಂದಾಗ ಅಂಗೈ ಚರ್ಮ ಹಗ್ಗಕ್ಕೇ ಉಳಿದಿತ್ತು. ಎತ್ತು ಒಳಗೇ ಬೆಂದಿತು. ಅದರ ಕೂಗು ಈಗಲೂ ಕಿವಿಯಲ್ಲಿದೆ. ಬೂದಿ ಎದ್ದು ಸೂರ್ಯ ಕೆಂಪಾಗಿ ಹೋಗಿದ್ದ, ನೀನು ಬರೆದ ಗ್ರಹದ ಹಾಗೆ.

ಬಾಪುಸಾಹೇಬ ತನ್ನ ಬದುವಿನ ಮೇಲೆ ನಿಂತು ನೋಡುತ್ತಿದ್ದ. “ಕಾಕೂ, ಥಂಡಿ ದಿನದಾಗ ಬೆಚ್ಚಗ ಆತಲ್ಲ,” ಎಂದ. ಅವ್ವನಿಗೆ ಹೇಳಿದ, ಅಣ್ಣ. ಸುಟ್ಟ ಕೈ ಹಿಡಿದು ಕುಳಿತ ಅವ್ವನಿಗೆ.

ಅವಳ ಬಾಯಿಗೆ ನಾನೇ ತುತ್ತು ಇಡುತ್ತಿದ್ದೇನೆ. ನಾನು ಕಾಯ್ದದ್ದು ಸಾಕು. ಏನು ಮಾಡಲಿ? ಒಂದು ಮಾತು ಹೇಳು. ನೀನು ಹೇಳಿದ್ದನ್ನು ಮಾಡುತ್ತೇನೆ.

ಮುರಗೆಪ್ಪ

*

ಮುಂಬೈ
೨೭ ನವೆಂಬರ್ ೧೯೮೮

ಚಿ. ಮುರಗೆಪ್ಪನಿಗೆ.

ಅವ್ವನ ಕೈಯ ವಿಷಯ ಓದಿ ಕಣ್ಣು ಕತ್ತಲೆಗಟ್ಟಿತು. ಇನ್ನು ಇದನ್ನು ಬೆಳೆಸುವುದು ಬೇಡ. ಬಾಪುಸಾಹೇಬನದು ಈ ಸುಗ್ಗಿಯಲ್ಲೇ ತೋಡ ಮಾಡಿ ಮುಗಿಸಿಬಿಡು. ಹಿಂದೆ ಮುಂದೆ ನೋಡಬೇಡ. ಊರ ನಾಲ್ಕು ಜನ ಹಿರಿಯರ ಎದುರಿಗೇ ಆಗಲಿ, ನಾಳೆ ಯಾರೂ ಇಲ್ಲ ಎನ್ನಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ.

ಸಂಜೆಯ ಪ್ರದರ್ಶನಕ್ಕೆ ಗಂಟೆ ಹೊಡೆಯುತ್ತಿದ್ದಾರೆ. ಅವಸರದಲ್ಲಿ ಇಷ್ಟೇ.

ಧರೆಪ್ಪ

*

ಶಿರಗುಪ್ಪಿ
೫ ಡಿಸೆಂಬರ್ ೧೯೮೮

ತೀರ್ಥರೂಪ ಅಣ್ಣನ ಪಾದಗಳಿಗೆ ಮುರಗೆಪ್ಪನ ಸಾಷ್ಟಾಂಗ ನಮಸ್ಕಾರ.

ನಿನ್ನ ಪತ್ರ ತಲುಪಿತು. ಓದಿ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ. ನಾನು ನಿನ್ನನ್ನು ಮುಂಬೈಯ ನೀರು ಕುಡಿದು ಮೆತ್ತಗಾದವನು ಎಂದುಕೊಂಡಿದ್ದೆ, ಕ್ಷಮಿಸು. ಅಪ್ಪನ ಮಗನ ಹಾಗೆ ಬರೆದಿದ್ದೀಯ.

ಕೈ ತೋಡುತ್ತೇನೆ ಎಂದವನ ಕೈಯೇ ಹೋಗಲಿ. ಬರುವ ಸೋಮವಾರ ಬಾಪುಸಾಹೇಬನ ಹೊಲಕ್ಕೆ ಕಡಿಯುವವರು ಬರುತ್ತಾರೆ. ಮೊದಲ ಕಬ್ಬಿನ ಪೂಜೆಗೆ ಊರ ಹಿರಿಯರೆಲ್ಲ ಸೇರುತ್ತಾರೆ. ನಾಲ್ಕು ಜನರ ಎದುರಿಗೇ ಆಗಲಿ ಎಂದು ನೀನು ಹೇಳಿದ್ದು ಸರಿಯಾಗಿದೆ, ಕತ್ತಲಲ್ಲಿ ಮಾಡಿದರೆ ಕಳ್ಳತನವಾಗುತ್ತದೆ. ಕೊಯ್ತಾ ಕಾಗವಾಡದಲ್ಲಿ ಮಸೆಸಿಕೊಂಡು ಬಂದೆ. ಅವ್ವನಿಗೆ ಹೇಳಿಲ್ಲ.

ನೀನು ಬಿಡು ಎನ್ನುವವರೆಗೆ ಬಾಲ ಬಿಡುವುದಿಲ್ಲ.

ಮುರಗೆಪ್ಪ

*

ಮುಂಬೈ
೧೨ ಡಿಸೆಂಬರ್ ೧೯೮೮

ಮುರಗ್ಯಾ, ತಮ್ಮಾ,

ನಿನ್ನ ಪತ್ರ ಈಗ ಕೈಗೆ ಬಂತು. ಇವತ್ತೇ ಸೋಮವಾರ. ತಂತಿ ಕೊಟ್ಟು ಬಂದು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಡಿಯಬೇಡ. ನಾನು ಕಡಿ ಎಂದು ಬರೆಯಲಿಲ್ಲ. ಮಾರಾಯ, ಇಲ್ಲಿ ತೋಡ ಎಂದರೆ ರಾಜಿ. ಬಾಡಿಗೆಯವನು, ಮನೆ ಮಾಲೀಕ ಕೂತು ಮಾತನಾಡಿ ಜಗಳ ಮುಗಿಸಿದರೆ “ತೋಡ ಕಾಢಲಾ” ಎನ್ನುತ್ತಾರೆ. ವರ್ಷಗಟ್ಟಲೆ ಇದೇ ಮಾತು ಕೇಳಿ ಕೇಳಿ ನನ್ನ ಕನ್ನಡದೊಳಗೆ ಅದು ಬಂದು ಕೂತಿದೆ. ಊರಿನಲ್ಲಿ ಅದು ಕೊಯ್ತಾದ ಮಾತು ಎಂಬುದು ಬರೆಯುವಾಗ ನನಗೆ ಹೊಳೆಯಲೇ ಇಲ್ಲ. ಹಿರಿಯರ ಎದುರಿಗೆ ಎಂದದ್ದು ರಾಜಿಗೆ ಸಾಕ್ಷಿ ಇರಲಿ ಎಂದು. ಹಾವು, ಕೋಲು ಎಂದದ್ದು ಬರಿಯ ಗಾದೆ.

ಅವನ ಹತ್ತಿರ ಹೋಗಬೇಡ. ಕೊಯ್ತಾ ಹೊಳೆಗೆ ಎಸೆ. ನಾನು ಸಿಕ್ಕ ಬಸ್ಸು ಹತ್ತಿ ಬರುತ್ತಿದ್ದೇನೆ. ಬಾಲ ಬಿಡು, ತಮ್ಮಾ, ಬಿಡು.

ಧರೆಪ್ಪ

*

ಹಿಂಡಲಗಾ ಜೈಲು
೨೪ ಜನವರಿ ೧೯೮೯

ಶ್ರೀ ಧರೆಪ್ಪನವರಿಗೆ.

ಇಲ್ಲಿ ಪತ್ರಗಳನ್ನು ಒಡೆದು ಓದುತ್ತಾರೆ. ಇದನ್ನು ಬಿಡುಗಡೆಯಾಗಿ ಹೋಗುವ ಒಬ್ಬನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಇಲ್ಲಿಗೆ ಬರೆಯುವಾಗ ನೋಡಿ ಬರೆಯಿರಿ.

ನೀವು ಹೇಳಿದ್ದು ಆಯಿತು. ಪೂಜೆಗೆ ತೆಂಗಿನಕಾಯಿ ಒಡೆದರು. ಬಾಪುಸಾಹೇಬ ಬಲಗೈಯಲ್ಲಿ ಮೊದಲ ಕಬ್ಬು ಹಿಡಿದು ಬಗ್ಗಿಸಿದ. ನಾನು ಹಿರಿಯರ ನಡುವಿನಿಂದ ದಾಟಿ ಹೋಗಿ ಒಂದೇ ಏಟು ಹಾಕಿದೆ. ಕಬ್ಬೂ ಕೈಯೂ ಕೂಡಿಯೇ ಬಿದ್ದವು. ನೆಲದ ಮೇಲೆ ಬಿದ್ದ ಕೈ ಕಬ್ಬನ್ನು ಹಿಡಿದೇ ಇತ್ತು. ಅವನು ಕೂಗಲಿಲ್ಲ, ಕೈ ಇದ್ದ ಜಾಗ ನೋಡುತ್ತ ನಿಂತ. ಅವನ ಮಗ ಹಾಲಸಿದ್ದ, ಇನ್ನೂ ಅರ್ಧ ಚಡ್ಡಿಯವನು, ಓಡಿ ಬಂದು ಆ ಕೈಯನ್ನು ಎತ್ತಿಕೊಂಡು ಮಣ್ಣು ಒರೆಸಿದ. ಅಪ್ಪನಿಗೆ ತಿರುಗಿ ಕೊಡಲು ಹೋದ. ಎರಡನೆಯ ಏಟು ಕುತ್ತಿಗೆಗೆ ಎಂದು ಇಟ್ಟುಕೊಂಡಿದ್ದೆ. ಅದನ್ನು ನೋಡಿದ ಮೇಲೆ ಕೊಯ್ತಾ ಏಳಲಿಲ್ಲ. ಆಮೇಲೆ ಜನ ನನ್ನ ಮೇಲೆ ಬಿದ್ದರು. ಪಕ್ಕೆಲುಬು ಮುರಿದಿವೆ.

ನನ್ನ ಕೈಗೆ ಹಗ್ಗ ಬಿಗಿಯುವಾಗ ಅಂಚೆಯವನು ನಿಮ್ಮ ತಂತಿ ತಂದ. “ಕಡೀಬ್ಯಾಡ ಅಂತ ನಿಮ್ಮಣ್ಣ ತಂತಿ ಕೊಟ್ಟಾನಪ್ಪ. ಕಬ್ಬಿಂದ ಸುದ್ದಿ, ಅವಸರ ಏನೈತಿ ಅಂತ ಉಂಡು ಬಂದೆ,” ಎಂದ. ಹುಕುಂ ಕೊಟ್ಟ ಮೇಲೆ ನಿಮಗೆ ಹೆದರಿಕೆಯಾಯಿತು, ಅಲ್ಲವೇ? ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಬರೆದವರು ನೀವೇ.

ಕಿಸೆಯಲ್ಲಿದ್ದ ನಿಮ್ಮ ಪತ್ರವನ್ನು ಪೊಲೀಸರು ಬರುವ ಮೊದಲೇ ಅಗಿದು ನುಂಗಿದೆ. ಸಿಕ್ಕಿದ್ದರೆ ನಿಮ್ಮನ್ನೂ ಎಳೆಯುತ್ತಿದ್ದರು. ಆಮೇಲೆ ಇನ್ನೊಂದು ಪತ್ರ ಬಂತಂತೆ. ಅವ್ವ ಅದನ್ನು ಒಡೆಯದೆ ಒಲೆಗೆ ಹಾಕಿದಳು. “ಅಂವನ ಕಾಗದ ಬಂದಾಗೊಮ್ಮೆ ಮನಿ ಉರೀತೈತಿ,” ಎಂದಳಂತೆ.

ಕೋರ್ಟಿನಲ್ಲಿ ನಿಮ್ಮ ಹೆಸರು ಹೇಳುವುದಿಲ್ಲ. ನೀವೂ ನನ್ನ ಹೆಸರು ಹೇಳಬೇಡಿ. ಇಷ್ಟು ಸಾಕು.

ಮುರಗೆಪ್ಪ

*

ಮುಂಬೈ
೨ ಏಪ್ರಿಲ್ ೧೯೮೯

ಪ್ರೀತಿಯ ಮುರಗೆಪ್ಪನಿಗೆ.

ಭೇಟಿಗೆ ಮೂರು ಸಲ ಬಂದೆ. ಜಾಳಿಗೆಯ ಈ ಕಡೆ ಗಂಟೆಗಟ್ಟಲೆ ನಿಂತೆ. ನೀನು ಹೊರಗೆ ಬರಲಿಲ್ಲ. “ಆಂವ ಬರಂಗಿಲ್ಲರಿ. ಸುಮ್ನ ಹೋಗ್ರಿ,” ಎಂದು ಪಹರೆಯವನು ಕಳಿಸಿದ. ಬಾಯಿಯಿಂದ ಹೇಳಬೇಕಾದದ್ದನ್ನು ಇಲ್ಲಿ ಬರೆಯಲಾರೆ, ಏಕೆಂದು ನಿನಗೆ ಗೊತ್ತು. ಆದ್ದರಿಂದ ಮಂಗಳದ ಸುದ್ದಿ ಬರೆಯುತ್ತೇನೆ. ಓದುವವರು ಯಾರಾದರೂ ಓದಿಕೊಳ್ಳಲಿ. ನೀನು ಎರಡು ಸಲ ಓದು.

ಹೋದ ಸೆಪ್ಟೆಂಬರಿನಲ್ಲಿ ಮಾತು ನಿಲ್ಲಿಸಿದ ಯಂತ್ರದ ಕಾರಣ ಈಗ ತಿಳಿದಿದೆ. ಅದು ಕೆಟ್ಟಿರಲಿಲ್ಲ. ಗಾಳಿ, ಧೂಳು ಏನೂ ಹೊಡೆದಿರಲಿಲ್ಲ. ನೆಲದಿಂದ ಕಳಿಸಿದ ಹುಕುಮಿನಲ್ಲಿ ಒಂದೇ ಒಂದು ಗುರುತು ಬಿಟ್ಟುಹೋಗಿತ್ತಂತೆ, ಒಂದೇ. ಕಳಿಸಿದವನ ಮನಸ್ಸಿನಲ್ಲಿ ಒಂದು ಅರ್ಥ, ಯಂತ್ರಕ್ಕೆ ತಲುಪಿದ್ದು ಇನ್ನೊಂದು. ಅದು ಬಲು ವಿಧೇಯ ಯಂತ್ರ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿತು. ಸೂರ್ಯನಿಗೆ ಬೆನ್ನು ತಿರುಗಿಸಿ ಕತ್ತಲಲ್ಲಿ ತಣ್ಣಗಾಯಿತು. ತಪ್ಪು ತಿಳಿಯುವ ಹೊತ್ತಿಗೆ ಅದು ಕೇಳುವ ಸ್ಥಿತಿಯಲ್ಲಿರಲಿಲ್ಲ. ತಪ್ಪು ಯಂತ್ರದ್ದಲ್ಲ, ಮುರಗೆಪ್ಪ. ಹಾಗೆಂದು ಕಳಿಸಿದವನು ಅದನ್ನು ಕೊಲ್ಲಬೇಕೆಂದು ಕಳಿಸಿದ್ದೂ ಅಲ್ಲ.

ಹೋದ ವಾರ ಎರಡನೆಯದೂ ಸುಮ್ಮನಾಯಿತು. ಒಂದು ಸಾಲು ಬರೆ. ಬೈದಾದರೂ ಬರೆ.

ಧರೆಪ್ಪ

*

ಮುಂಬೈ
೩೦ ಆಗಸ್ಟ್ ೧೯೯೩

ಮುರಗೆಪ್ಪನಿಗೆ.

ನಿನ್ನಿಂದ ಒಂದು ಅಕ್ಷರವಿಲ್ಲ. ಅವ್ವ ಹೋದ ಬೇಸಿಗೆಯಲ್ಲಿ ತೀರಿಕೊಂಡ ಸುದ್ದಿಗೂ ಉತ್ತರವಿಲ್ಲ. ಅವಳ ಬೆರಳುಗಳು ಕೊನೆಯವರೆಗೂ ನೆಟ್ಟಗಾಗಲಿಲ್ಲ. ನನ್ನ ಕೈಯಿಂದ ನೀರು ಕುಡಿಯಲಿಲ್ಲ. ನಾನು ಲೋಟ ಹಿಡಿದರೆ ಮುಖ ತಿರುಗಿಸುತ್ತಿದ್ದಳು.

ಅಮೆರಿಕದವರ ಯಂತ್ರವೊಂದು ಮಂಗಳದ ಹೊಸ್ತಿಲಿಗೆ ಹೋಗಿ ಈ ತಿಂಗಳು ಸುಮ್ಮನಾಗಿದೆ. ಕರೆಯುತ್ತಿದ್ದಾರೆ. ನಾನೂ ಕರೆಯುತ್ತಿದ್ದೇನೆ.

ಧರೆಪ್ಪ

*

ಹಿಂಡಲಗಾ ಜೈಲು
೨೦ ಜುಲೈ ೧೯೯೭

ಅಣ್ಣಾ,

ಪತ್ರಿಕೆಯಲ್ಲಿ ಮಂಗಳದ ಮೇಲೆ ಇಳಿದ ಪುಟ್ಟ ಗಾಡಿಯ ಚಿತ್ರ ಬಂದಿತ್ತು. ಸುತ್ತ ಗಾಳಿಚೀಲ ಕಟ್ಟಿ ಎತ್ತಿ ಒಗೆದರಂತೆ, ಚೆಂಡಿನ ಹಾಗೆ ಪುಟಿದು ಪುಟಿದು ನಿಂತಿತಂತೆ. ಇಳಿಯುವ ಮುಂಚೆ ದೂರದಲ್ಲಿ ಧೂಳೂ ಎದ್ದಿತ್ತಂತೆ. ಅಷ್ಟು ಏಟು ತಿಂದೂ ಅದು ಚಕ್ರ ಉರುಳಿಸಿಕೊಂಡು ಹೊರಗೆ ಬಂತೆಂದು ಓದಿ ನಿನಗೆ ಬರೆಯಬೇಕೆನ್ನಿಸಿತು.

ನಿಪ್ಪಾಣಿ ಕಡೆಯ ಭಾವುಸಾಹೇಬ ಎಂಬವನು ನಮ್ಮ ಬ್ಯಾರಕ್ಕಿನಲ್ಲಿದ್ದ. ಹೊಡೆದಾಟದ ಕೇಸು. ಎರಡೂ ಕಡೆಯವರು ಒಪ್ಪಿ ಕೇಸು ಮುಗಿಯಿತೆಂದು ಹೋದ ತಿಂಗಳು ಸುದ್ದಿ ಬಂತು. ಅವನು ಕುಣಿಯುತ್ತ, “ತೋಡ ಆತೋ! ತೋಡ ಆತು!” ಎಂದು ಎಲ್ಲರನ್ನೂ ತಬ್ಬಿಕೊಂಡ. ನಾನು ಗಾಬರಿಯಾ‌ಗಿ, “ಯಾರನ್ನ ತೋಡಿದ್ರೋ?” ಎಂದೆ. ಇಡೀ ಬ್ಯಾರಕ್ಕು ಬಿದ್ದು ಬಿದ್ದು ನಕ್ಕಿತು. “ತೋಡಾಕ ಅಲ್ಲೋ ಹುಚ್ಚಪ್ಪ, ರಾಜಿ ಆತು. ಎಂಥಾ ಗಡಿಯಾಂವ ಲೇ ನೀ, ಇಷ್ಟೂ ಗೊತ್ತಿಲ್ಲ?” ಎಂದ.

ನಾನು ನಗಲಿಲ್ಲ. ನೀನು ಬರೆದ ಒಂದು ಗುರುತಿನ ಕಥೆ ಅವತ್ತು ಅರ್ಥವಾಯಿತು. ಆ ಪತ್ರ ಓದಿದಾಗ ಇವನು ಯಂತ್ರದ ಮೇಲೆ ಹಾಕಿ ತನ್ನ ಕೈ ತೊಳೆದುಕೊಳ್ಳುತ್ತಿದ್ದಾನೆ ಎಂದು ಹರಿದು ಹಾಕಿದ್ದೆ. ಇಷ್ಟು ವರ್ಷ ನಿನ್ನನ್ನು ದ್ವೇಷಿಸಿದ್ದೇ ನನ್ನ ಊಟವಾಗಿತ್ತು, ಅಣ್ಣ. ಅದೂ ಹೋಯಿತು. ಒಬ್ಬನ ಕೈ ಸುಮ್ಮನೆ ಹೋಯಿತು ಎನ್ನುವುದನ್ನು ನಾನು ಎಲ್ಲಿ ಇಡಲಿ?

ದೀಪಾವಳಿಯ ಹೊತ್ತಿಗೆ ಬಿಡುತ್ತಾರೆ. ಹಾಲಸಿದ್ದ ಈಗ ಮೀಸೆ ಬಂದ ಗಂಡಸು. ಊರಿಂದ ಬಂದವರ ಹತ್ತಿರ ಹೇಳಿ ಕಳಿಸಿದ್ದಾನೆ: “ಬರ್ಲಿ ಅನ್ರಿ. ಕೊಯ್ತಾ ಮಸದು ಇಟ್ಟೇನಿ.” ಬಂದವನು ಹೇಳುವಾಗ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದ.

ನಾನು ಎಲ್ಲಿಗೆ ಹೋಗಲಿ?

ಮುರಗೆಪ್ಪ

*

ಮುಂಬೈ
೧೫ ಅಕ್ಟೋಬರ್ ೧೯೯೭

ತಮ್ಮಾ ಮುರಗೆಪ್ಪ,

ನಿನ್ನ ಪತ್ರ ಹಿಡಿದುಕೊಂಡು ತಾರಾಲಯದ ಗುಮ್ಮಟದ ಕೆಳಗೆ ಒಬ್ಬನೇ ಅತ್ತೆ. ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಬರೆದದ್ದನ್ನೆಲ್ಲ ಹರಿದೆ. ಪ್ರತಿ ಶಬ್ದಕ್ಕೂ ಎರಡು ಅರ್ಥ ಕಾಣುತ್ತದೆ.

ಆ ಪುಟ್ಟ ಗಾಡಿಗೆ ಭೂಮಿಯ ಜೊತೆ ನೇರ ಮಾತಿಲ್ಲ. ಅದನ್ನು ಹೊತ್ತು ತಂದ ದೊಡ್ಡ ಯಂತ್ರವೇ ಹುಕುಂ ಕೇಳಿ ಅದಕ್ಕೆ ಹೇಳಬೇಕು. ಹೋದ ತಿಂಗಳ ಕೊನೆಗೆ ದೊಡ್ಡದರ ದನಿ ಕ್ಷೀಣಿಸಿದೆ. ಮೇಲಿನಿಂದ ಮಾತು ಬರದಿದ್ದರೆ ದೊಡ್ಡದರ ಹತ್ತಿರ ಬಂದು ಸುತ್ತುತ್ತಿರು ಎಂದು ಗಾಡಿಗೆ ಮೊದಲೇ ಹೇಳಿಟ್ಟಿದ್ದಾರಂತೆ. ಈಗಲೂ ಆ ಕೆಂಪು ಮಣ್ಣಿನಲ್ಲಿ ಸುತ್ತುತ್ತಿರಬಹುದು. ಅದನ್ನು ಮಕ್ಕಳಿಗೆ ಹೇಳಲು ಹೋದರೆ ಕುತ್ತಿಗೆ ನೀರಿನಲ್ಲಿ ನಿಂತ ನೀನು ಕಾಣುತ್ತೀಯ.

ಊರಿಗೆ ಹೋಗಬೇಡ, ಮುಂಬೈಗೆ ಬಾ ಎಂದು ಬರೆಯಬೇಕೆಂದಿದ್ದೆ. ಇದು ಹುಕುಂ ಅಲ್ಲ. ಹುಕುಂ ಕೊಡುವುದನ್ನು ನಾನು ಬಿಟ್ಟಿದ್ದೇನೆ. ನನಗೆ ಒಬ್ಬನೇ ತಮ್ಮ. ನೀನು ಬದುಕಿರಬೇಕು. ಅಷ್ಟೇ ನನ್ನ ಆಸೆ, ಇದಕ್ಕೆ ಎರಡನೆಯ ಅರ್ಥವಿಲ್ಲ.

ನಿನ್ನ ಅಣ್ಣ
ಧರೆಪ್ಪ

*

ಶಿರಗುಪ್ಪಿ
೧೪ ಡಿಸೆಂಬರ್ ೧೯೯೭

ಅಣ್ಣಾ,

ನಿನ್ನ ಆಸೆ ಸದ್ಯಕ್ಕೆ ಉಳಿದಿದೆ. ಅಕ್ಷರ ನೋಡಿ ಗಾಬರಿಯಾಗಬೇಡ. ದಿನಕ್ಕೆ ನಾಲ್ಕೈದು ಸಾಲಿನಂತೆ ಬರೆದಿದ್ದೇನೆ.

ಜೈಲಿನಿಂದ ನೆಟ್ಟಗೆ ಬಾಪುಸಾಹೇಬನ ಮನೆಗೇ ಹೋದೆ. ಮುಂಬೈಗೆ ಬಂದಿದ್ದರೆ ನಾನೂ ನಿನ್ನ ಸುತ್ತ ಸುತ್ತುತ್ತ ಇರುತ್ತಿದ್ದೆ, ಅಷ್ಟೇ. ಅವನು ಕಟ್ಟೆಯ ಮೇಲೆ ಕೂತಿದ್ದ. ಕೂದಲೆಲ್ಲ ಬೆಳ್ಳಗಾಗಿದೆ. ಬಲದ ತೋಳು ಮಡಚಿ ಪಿನ್ನು ಹಾಕಿಕೊಂಡಿದ್ದ. ಹಾಲಸಿದ್ದ ಅಂಗಳದಲ್ಲಿ ಎತ್ತಿಗೆ ಮೇವು ಕತ್ತರಿಸುತ್ತಿದ್ದ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡು ಬಂದಿದ್ದೆ. ಅಂಗಳದಲ್ಲಿ ಕಾಲಿಟ್ಟೊಡನೆ ಎಲ್ಲ ಹಾರಿಹೋಯಿತು. ಬಾಯಿಯಿಂದ ಬಂದದ್ದು ಒಂದೇ.

“ತೋಡ ಮಾಡಾಕ ಬಂದೇನಿ,” ಎಂದೆ.

ನೋಡು ನನ್ನ ಹಣೆಬರಹ. ಇಷ್ಟು ವರ್ಷ ಕಲ್ಲಿನ ಗೋಡೆಯೊಳಗೆ ಕೂತು ಬಂದರೂ ಅದೇ ಶಬ್ದ ಬಾಯಿಗೆ ಬಂತು. ಹಾಲಸಿದ್ದ ಕೈಯಲ್ಲಿದ್ದ ಕೊಯ್ತಾದೊಡನೆ ಹಾರಿ ಬಂದ. ಕುತ್ತಿಗೆಗೆ ಎಂದು ಎತ್ತಿದ್ದು. ನಾನು ಹೊರಳಿದ್ದಕ್ಕೆ ಬಲ ಹೆಗಲಿಗೆ ಕೂತಿತು. ಎಲುಬಿನಲ್ಲಿ ಸಿಕ್ಕಿಕೊಂಡಿತು. ನನ್ನ ಎದೆಯ ಮೇಲೆ ಕಾಲಿಟ್ಟು ಕೀಳಬೇಕಾಯಿತು ಅವನಿಗೆ. ಕಿತ್ತು ಮತ್ತೆ ಎತ್ತಿದ. ಬಿಸಿಲಿನಲ್ಲಿ ಅದು ಹೊಳೆಯುವುದನ್ನು ನೋಡಿದೆ. ಕಣ್ಣು ಮುಚ್ಚಲಿಲ್ಲ. ಇದು ಸರಿಯಾದದ್ದೇ ಎನ್ನಿಸಿತು.

ಆಗ ಬಾಪುಸಾಹೇಬ ಕಟ್ಟೆಯ ಮೇಲಿಂದ ಏಳದೆಯೇ ಹೇಳಿದ: “ಏ ನಿಲ್ಲಲೇ. ಯಾವ ತೋಡ ಅಂತ ಮೊದಲ ಕೇಳು.”

ಅಣ್ಣಾ, ನನಗೆ ಆ ನೋವು ಮರೆತೇಹೋಯಿತು. ನಾನು ನಿನಗೆ ಕೇಳಲಿಲ್ಲವಲ್ಲ. ಒಂದು ಕಾರ್ಡಿನ ಮೇಲೆ ಎರಡು ಶಬ್ದ. ಯಾವ ತೋಡ? ಕೇಳಿದ್ದರೆ ಅವನ ಕೈ ಇರುತ್ತಿತ್ತು, ಅವ್ವ ನಿನ್ನ ಕೈಯಿಂದ ನೀರು ಕುಡಿಯುತ್ತಿದ್ದಳು. ಕೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ, ಏಕೆಂದರೆ ನನಗೆ ಬೇಕಾದ ಅರ್ಥ ನಿನ್ನ ಪತ್ರದಲ್ಲಿ ಸಿಕ್ಕಿತ್ತು. ಯಂತ್ರದ ತಪ್ಪಿಲ್ಲ ಎಂದು ನೀನು ಬರೆದಿದ್ದೆ. ನಾನು ಯಂತ್ರವಲ್ಲ, ಅಣ್ಣ. ನನಗೆ ಬಾಯಿ ಇತ್ತು.

ರಕ್ತದಲ್ಲಿ ಬಿದ್ದುಕೊಂಡೇ ಎಲ್ಲ ಹೇಳಿದೆ. ನಿನ್ನ ಪತ್ರ, ತಂತಿ, ಭಾವುಸಾಹೇಬನ ಕುಣಿತ. ಬಾಪುಸಾಹೇಬ ಕಟ್ಟೆಯಿಂದ ಇಳಿದು ಬಂದು ನನ್ನ ಹತ್ತಿರ ಕೂತ. ಆಮೇಲೆ, “ನಾಕೂ ಮೂಲಿಗಿ ಬೆಂಕಿ ನಾನ ಇಟ್ಟಿದ್ದೆ. ಎತ್ತು ಒಳಗ ಐತಿ ಅಂತ ಗೊತ್ತಿರಲಿಲ್ಲ. ಕಾಕೂ ಓಡಿ ಹೋಗತಾಳಂತನೂ ಗೊತ್ತಿರಲಿಲ್ಲ,” ಎಂದ. ಮಗನ ಕಡೆ ತಿರುಗಿ, “ಗಾಡಿ ಕಟ್ಟು. ಕಾಗವಾಡ ದವಾಖಾನಿಗಿ ಒಯ್ಯೂಣು,” ಎಂದ. ಹಾಲಸಿದ್ದ ಕೊಯ್ತಾ ಬಿಸಾಡಿ, ಗೋಡೆಗೆ ಹಣೆ ಹಚ್ಚಿ ನಿಂತ. ಗಾಡಿ ಮಾತ್ರ ಕಟ್ಟಿದ. ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ಅವನ ಮನಸ್ಸಿನ ಧೂಳು ಇನ್ನೂ ಇಳಿದಿಲ್ಲ. ಇಳಿಯುವವರೆಗೆ ಅವನ ಎದುರಿಗೇ ಕಾಯುತ್ತೇನೆ. ಈ ಸಲ ನನ್ನ ಮನಸ್ಸಿನಿಂದಲೇ ಕಾಯುತ್ತಿದ್ದೇನೆ.

ಪೈಪು ಮತ್ತೆ ಜೋಡಿಸಲು ಊರ ಹಿರಿಯರ ಎದುರಿಗೆ ಮಾತಾಗಿದೆ.

ಹೆಗಲಿನ ನರ ಕತ್ತರಿಸಿದೆ. ಬಲಗೈ ಇನ್ನು ಏಳುವುದಿಲ್ಲವಂತೆ. ಎಡಗೈಯಿಂದ ಬರೆಯುವುದನ್ನು ಬಾಪುಸಾಹೇಬ ಕಲಿಸುತ್ತಿದ್ದಾನೆ. ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತು, “ಕಾಗದ ವಾರೀ ಇಡೋ, ಅಂದ್ರ ಕೈಗಿ ಅಡ್ಡ ಬರಂಗಿಲ್ಲ,” ಎಂದು ಅದನ್ನು ಓರೆಯಾಗಿ ತಿರುಗಿಸಿ ಇಡುತ್ತಾನೆ. ಅವನಿಗೆ ಇದು ಕೈಗೆ ಕೂಡಲು ಎರಡು ವರ್ಷ ಹಿಡಿಯಿತಂತೆ.

ಅದಕ್ಕೇ ಅಕ್ಷರ ಸೊಟ್ಟಗಿವೆ. ಓದಲು ಬಾರದ ಶಬ್ದ ಯಾವುದಾದರೂ ಇದ್ದರೆ ಅಂದಾಜು ಮಾಡಬೇಡ, ಅಣ್ಣ. ಬರೆದು ಕೇಳು.

ಮುರಗೆಪ್ಪ